ಮುಖ ನೋಡಿ ಮಣೆ ಹಾಕದ ನೆಟ್: ಗಡಿನಾಡಿನ ಓದುಗರಿಗೆ ಜಾಲ ತಟಸ್ಥತೆಯ ವಿವರ

ಮೊಬೈಲಿನಲ್ಲಿ ಬಯಲಾಟದ ನೇರಪ್ರಸಾರ ನೋಡುವವರು ಒಂದು ಲೆಕ್ಕ ಹಾಕಿಕೊಳ್ಳಬಹುದು. ಸಾಧಾರಣ ಸ್ಪಷ್ಟತೆಯ ವಿಡಿಯೋಗೆ ಸೆಕೆಂಡಿಗೆ ಸುಮಾರು 1 ಮೆಗಾಬಿಟ್ ಡೇಟಾ ಬೇಕು. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಗಂಟೆಗೆ 450 ಎಂಬಿ. ರಾತ್ರಿ ಹತ್ತಕ್ಕೆ ಶುರುವಾದ ಆಟ ಬೆಳಗ್ಗೆ ಆರಕ್ಕೆ ಮಂಗಳವಾಗುವಾಗ 3.6 ಜಿಬಿ ಖರ್ಚಾಗಿರುತ್ತದೆ. ದಿನಕ್ಕೆ 1.5 ಜಿಬಿಯ ರೀಚಾರ್ಜ್ ಇದ್ದವರಿಗೆ ನಡುರಾತ್ರಿ ಹನ್ನೆರಡಕ್ಕೆ ಹೊಸ ದಿನದ ಪಾಲು ಸಿಕ್ಕಿದರೂ 3 ಗಂಟೆ 20 ನಿಮಿಷಕ್ಕೆ ಅದೂ ಮುಗಿಯುತ್ತದೆ. ಬೆಳಗಿನ ಜಾವದ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಪರದೆ ನಿಂತುಬಿಡುತ್ತದೆ.

ಈಗ ಹೀಗೊಂದು ಸನ್ನಿವೇಶ ಊಹಿಸಿ. ನಿಮ್ಮ ಸಿಮ್ ಕಂಪನಿಯಿಂದ ಸಂದೇಶ ಬರುತ್ತದೆ: ನಮ್ಮದೇ ಆಪ್‌ನಲ್ಲಿ ವಿಡಿಯೋ ನೋಡಿದರೆ ಡೇಟಾ ಲೆಕ್ಕಕ್ಕಿಲ್ಲ, ಬೇರೆ ಕಡೆ ನೋಡಿದರೆ ಲೆಕ್ಕಕ್ಕಿದೆ. ಕೇಳಲು ಉಡುಗೊರೆಯಂತಿದೆ. ಆದರೆ ಬದಿಯಡ್ಕದಲ್ಲೋ ಪೆರ್ಲದಲ್ಲೋ ನಾಲ್ಕು ಮಂದಿ ಸೇರಿ, ಎರಡು ಕ್ಯಾಮೆರಾ ಇಟ್ಟು ಆಟ ತೋರಿಸುವ ಚಾನೆಲ್‌ಗೆ ಮುಂದಿನ ತಿಂಗಳಿನಿಂದ ಎಷ್ಟು ಪ್ರೇಕ್ಷಕರು ಉಳಿಯಬಹುದು? ನೆಟ್ ನ್ಯೂಟ್ರಾಲಿಟಿ ಅಥವಾ ಜಾಲ ತಟಸ್ಥತೆ ಎಂಬ ಚರ್ಚೆ ಇರುವುದು ಈ ಪ್ರಶ್ನೆಯ ಸುತ್ತ.

ಚರ್ಚೆ ಹಳೆಯದು, ಆದರೆ ಮತ್ತೆ ಬಿಸಿಯಾಗಿದೆ. 2025ರ ಜನವರಿ 2ರಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಅಲ್ಲಿನ ತಟಸ್ಥತೆಯ ನಿಯಮಗಳನ್ನು ರದ್ದು ಮಾಡಿತು. ನಮ್ಮ ದೇಶದ ಟೆಲಿಕಾಂ ಕಂಪನಿಗಳು ದೊಡ್ಡ ಆಪ್‌ಗಳಿಂದ ಹಣ ಕೊಡಿಸಿ ಎಂದು ಕೇಳುತ್ತಿವೆ. 5ಜಿ ಬಂದ ಮೇಲೆ ಒಂದೇ ಟವರಿನ ಸಾಮರ್ಥ್ಯವನ್ನು ಹೋಳು ಮಾಡಿ ಬೇರೆ ಬೇರೆಯವರಿಗೆ ಕೊಡುವುದು ಸಾಧ್ಯವಾಗಿದೆ. ಇತ್ತ ಕಾಸರಗೋಡಿನ ಹಳ್ಳಿಗಳಲ್ಲಿ ಕರೆಂಟು ಕಂಬದ ಮೇಲೆ ಫೈಬರ್ ತಂತಿ ಬಂದು ತಲುಪುತ್ತಿದೆ. ಆ ತಂತಿಯೊಳಗೆ ಯಾರಿಗೆ ಯಾವ ನಿಯಮ ಎಂಬುದನ್ನು ತಿಳಿದುಕೊಳ್ಳಲು ಇದು ಸರಿಯಾದ ಹೊತ್ತು.

ಪದದ ಅರ್ಥ

ಈ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಕಾನೂನು ಪ್ರಾಧ್ಯಾಪಕ ಟಿಮ್ ವೂ, 2003ರ ಪ್ರಬಂಧವೊಂದರಲ್ಲಿ. ತತ್ವ ಸರಳ. ನೆಟ್ ಸಾಗಿಸುವ ಕಂಪನಿ ತನ್ನ ತಂತಿಯಲ್ಲಿ ಅಥವಾ ಟವರಿನಲ್ಲಿ ಹಾದುಹೋಗುವ ಡೇಟಾ ಯಾರದ್ದು, ಯಾವ ತಾಣದಿಂದ ಬಂತು, ಅದರಲ್ಲಿ ಏನಿದೆ ಎಂಬುದನ್ನು ನೋಡಿ ಭೇದ ಮಾಡಬಾರದು. ಮುಖ ನೋಡಿ ಮಣೆ ಹಾಕಬಾರದು.

ಕರೆಂಟಿನ ಹೋಲಿಕೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ನಿಮ್ಮ ಸಂಪರ್ಕ ಮನೆಯದೋ ಕೃಷಿಯದೋ ಎಂದು ಕೇಳುತ್ತದೆ; ದರ ಬೇರೆ ಇರುತ್ತದೆ. ಆದರೆ ತೋಟದ ಪಂಪು ಯಾವ ಕಂಪನಿಯದ್ದು ಎಂದು ಕೇಳುವುದಿಲ್ಲ. ಒಂದು ಕಂಪನಿಯ ಪಂಪಿಗೆ ಪೂರ್ಣ ವೋಲ್ಟೇಜು, ಇನ್ನೊಂದರದ್ದಕ್ಕೆ ಅರ್ಧ ಎನ್ನುವುದಿಲ್ಲ. ತಲಪಾಡಿಯ ಟೋಲ್‌ಗೇಟೂ ಹಾಗೆಯೇ. ಕಾರಿಗೆ ಒಂದು ದರ, ಲಾರಿಗೆ ಒಂದು ದರ. ಮಂಗಳೂರಿನಲ್ಲಿ ಯಾವ ಅಂಗಡಿಗೆ ಹೋಗುತ್ತೀರಿ ಎಂಬುದರ ಮೇಲೆ ಸುಂಕ ಬದಲಾಗುವುದಿಲ್ಲ.

ಈ ಹೋಲಿಕೆಗಳಿಂದಲೇ ಇನ್ನೊಂದು ಮಾತು ಹೊರಡುತ್ತದೆ, ಇದನ್ನು ಹಲವರು ತಪ್ಪು ತಿಳಿಯುತ್ತಾರೆ. ತಟಸ್ಥತೆ ಎಂದರೆ ಎಲ್ಲರಿಗೂ ಒಂದೇ ವೇಗ, ಒಂದೇ ದರ ಎಂದಲ್ಲ. ಹೆಚ್ಚು ಹಣ ಕೊಟ್ಟು 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ತೆಗೆದುಕೊಂಡವರಿಗೆ 100, ಕಡಿಮೆ ಕೊಟ್ಟವರಿಗೆ 20. ಅದಕ್ಕೆ ಅಡ್ಡಿಯಿಲ್ಲ. ಆ 20ರ ಒಳಗೆ ಎಲ್ಲ ತಾಣಗಳೂ ಸಮಾನವಾಗಿ ಬರಬೇಕು ಎಂಬುದಷ್ಟೇ ಬೇಡಿಕೆ.

ಕಂಪನಿಗೆ ಏನು ಕಾಣುತ್ತದೆ

ಭೇದ ಮಾಡಬೇಕಾದರೆ ಮೊದಲು ಗುರುತು ಸಿಗಬೇಕು. ಅದು ಹೇಗೆ ಸಿಗುತ್ತದೆ?

ನೆಟ್‌ನಲ್ಲಿ ಯಾವುದೂ ಇಡಿಯಾಗಿ ಹೋಗುವುದಿಲ್ಲ. ಎಲ್ಲವೂ ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಒಡೆಯುತ್ತದೆ. ಒಂದು ಪ್ಯಾಕೆಟ್ಟಿನ ಗಾತ್ರ ಸಾಮಾನ್ಯವಾಗಿ 1,500 ಬೈಟ್‌ವರೆಗೆ. ಅಡಿಕೆ ರಾಶಿಯ 300 ಕೆಬಿ ಫೋಟೋ ಒಂದನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ ಅದು ಸುಮಾರು 200 ಪ್ಯಾಕೆಟ್ ಆಗಿ ಹೊರಡುತ್ತದೆ, ಆ ಕಡೆ ಮತ್ತೆ ಒಂದಾಗಿ ಜೋಡಣೆಯಾಗುತ್ತದೆ. ಪ್ರತಿಯೊಂದರ ಮೇಲೂ ಅಂಚೆ ಲಕೋಟೆಯ ಹಾಗೆ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ ಇರುತ್ತದೆ. ದಾರಿ ತೋರಿಸುವ ರೂಟರ್‌ಗೆ ಆ ವಿಳಾಸ ಸಾಕು.

ಆದರೆ ಕಂಪನಿ ಬಯಸಿದರೆ ಅದಕ್ಕಿಂತ ಹೆಚ್ಚು ನೋಡಬಹುದು. ಪ್ಯಾಕೆಟ್ಟಿನ ಒಳಹೊಕ್ಕು ತಪಾಸಣೆ ಮಾಡುವ ಉಪಕರಣಗಳಿವೆ. ಇದಕ್ಕೆ ಡೀಪ್ ಪ್ಯಾಕೆಟ್ ಇನ್‌ಸ್ಪೆಕ್ಷನ್ ಎನ್ನುತ್ತಾರೆ. ಬ್ರೌಸರಿನಲ್ಲಿ ಬೀಗದ ಗುರುತು ಇದ್ದರೆ ಒಳಗಿನ ವಿಷಯ ಗೂಢಲಿಪಿಯಲ್ಲಿರುತ್ತದೆ, ನೀವು ಏನು ಓದುತ್ತಿದ್ದೀರಿ ಎಂಬುದು ಕಾಣುವುದಿಲ್ಲ. ಹಾಗಿದ್ದರೂ ಸಂಪರ್ಕ ಏರ್ಪಡುವ ಮೊದಲ ಕ್ಷಣದಲ್ಲಿ ತಾಣದ ಹೆಸರು ಸಾಮಾನ್ಯವಾಗಿ ತೆರೆದೇ ಹೋಗುತ್ತದೆ. ಜೊತೆಗೆ ವಿಡಿಯೋದ ಡೇಟಾ ಬರುವ ಲಯ ಬೇರೆ, ಮಾತಿನ ಕರೆಯ ಲಯ ಬೇರೆ. ಲಕೋಟೆ ಒಡೆಯದೆಯೇ ಒಳಗಿರುವುದು ಪುಸ್ತಕವೋ ಪತ್ರವೋ ಎಂದು ತೂಕದಿಂದ ತಿಳಿದ ಹಾಗೆ. ಗುರುತು ಸಿಕ್ಕಿದ ಮೇಲೆ ತಡೆಯುವುದಾಗಲಿ, ನಿಧಾನಿಸುವುದಾಗಲಿ, ಲೆಕ್ಕದಿಂದ ಬಿಡುವುದಾಗಲಿ ಒಂದು ಸೆಟ್ಟಿಂಗ್‌ನ ಕೆಲಸ.

ಭೇದದ ಬಗೆಗಳು

ಅತಿ ಒರಟಾದದ್ದು ಪೂರ್ತಿ ತಡೆ. 2005ರಲ್ಲಿ ಅಮೆರಿಕದ ಮ್ಯಾಡಿಸನ್ ರಿವರ್ ಎಂಬ ಸಣ್ಣ ಫೋನ್ ಕಂಪನಿ, ನೆಟ್ ಮೂಲಕ ಕರೆ ಮಾಡಿಸುವ ವಾನೇಜ್ ಸೇವೆಯನ್ನು ತನ್ನ ಗ್ರಾಹಕರಿಗೆ ತಡೆಯಿತು. ಕಾರಣ ಊಹಿಸಬಹುದು: ನೆಟ್ ಕರೆ ಬಂದರೆ ಅದರ ಸ್ವಂತ ಫೋನ್ ವ್ಯಾಪಾರಕ್ಕೆ ಪೆಟ್ಟು. ಅಲ್ಲಿನ ನಿಯಂತ್ರಕರು ಅದನ್ನು ನಿಲ್ಲಿಸಿ ಹಣ ಕಟ್ಟಿಸಿದರು. ಎರಡನೆಯ ಬಗೆ ನಿಧಾನಿಸುವುದು. 2007ರಲ್ಲಿ ಕಾಮ್‌ಕಾಸ್ಟ್ ಕಂಪನಿ ಬಿಟ್‌ಟೊರೆಂಟ್ ಮೂಲಕ ಕಡತ ಹಂಚುವವರ ಸಂಪರ್ಕಕ್ಕೆ ಅಡ್ಡಿ ಮಾಡುತ್ತಿದ್ದದ್ದು ಬಯಲಾಯಿತು. ಇದನ್ನು ಕಂಡುಹಿಡಿಯುವುದು ಕಷ್ಟ. ತಾಣ ತೆರೆಯದಿದ್ದರೆ ಜನ ಕಂಪನಿಯನ್ನು ಬೈಯುತ್ತಾರೆ. ಸುತ್ತುತ್ತಲೇ ಇದ್ದರೆ ‘ಆ ಆಪ್ ಸರಿಯಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಮೂರನೆಯದು ಹಣ ಕೊಟ್ಟ ತಾಣಕ್ಕೆ ಮುಂದಿನ ಸಾಲು. ರೂಟರ್‌ನಲ್ಲಿ ಪ್ಯಾಕೆಟ್ಟುಗಳು ಸರದಿಯಲ್ಲಿ ನಿಂತಿರುವಾಗ ಒಬ್ಬರನ್ನು ಮುಂದೆ ಬಿಟ್ಟರೆ ಉಳಿದವರೆಲ್ಲ ಹಿಂದೆ ಸರಿಯಲೇಬೇಕು.

ಬೇರೆ ದರ ಹಾಕುವುದೂ ಭೇದವೇ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಕಂಪನಿ ಸ್ಕೈಪ್, ವೈಬರ್‌ನಂಥ ನೆಟ್ ಕರೆಗಳಿಗೆ ಪ್ರತ್ಯೇಕ ದರ ಪ್ರಕಟಿಸಿ, ಪ್ರತಿಭಟನೆ ಬಂದಾಗ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಅಂದು ಅದು ಉಳಿದಿದ್ದರೆ ಗಲ್ಫಿನಲ್ಲಿರುವ ಮಗನ ಜೊತೆ ವಿಡಿಯೋ ಕರೆಯಲ್ಲಿ ಮಾತನಾಡುವ ಉಪ್ಪಳದ ಮನೆಗಳಿಗೆ ಬಿಲ್ಲು ಬೇರೆಯೇ ಆಗುತ್ತಿತ್ತು.

ಇವೆಲ್ಲಕ್ಕಿಂತ ನಯವಾದದ್ದು ಜೀರೋ ರೇಟಿಂಗ್, ಅಂದರೆ ಕೆಲವೇ ತಾಣಗಳ ಡೇಟಾವನ್ನು ಲೆಕ್ಕದಿಂದ ಬಿಡುವುದು. ಇಲ್ಲಿ ಯಾರನ್ನೂ ತಡೆಯುವುದಿಲ್ಲ, ನಿಧಾನಿಸುವುದಿಲ್ಲ, ಗ್ರಾಹಕನಿಗೆ ಮೇಲ್ನೋಟಕ್ಕೆ ಲಾಭವೇ. ಆದ್ದರಿಂದಲೇ ಇದರ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯ ಇತ್ತು, ಇದೆ. ವಿಕಿಪೀಡಿಯವನ್ನು ಉಚಿತವಾಗಿ ತೋರಿಸುವ ‘ವಿಕಿಪೀಡಿಯ ಜೀರೋ’ ಯೋಜನೆಯೂ 2012ರಿಂದ 2018ರವರೆಗೆ ಹಲವು ದೇಶಗಳಲ್ಲಿ ನಡೆದಿತ್ತು. ಅದನ್ನು ಲಾಭಕ್ಕಾಗಿ ಮಾಡಿದ್ದೆಂದು ಯಾರೂ ಹೇಳಲಾರರು. ಆದರೆ ಉಚಿತದ ಪಟ್ಟಿಯಲ್ಲಿ ಯಾರಿರಬೇಕು ಎಂದು ತೀರ್ಮಾನಿಸುವ ಅಧಿಕಾರ ತಂತಿಯ ಒಡೆಯನಿಗೆ ಹೋದರೆ, ಪಟ್ಟಿಯ ಹೊರಗಿನವರು ಬಾಗಿಲಲ್ಲೇ ಉಳಿಯುತ್ತಾರೆ. ಹಾಗೆ ಉಳಿಯುವವರಲ್ಲಿ ಸಣ್ಣ ಭಾಷೆಯವರು, ಅದರಲ್ಲೂ ಆ ಭಾಷೆಯ ಅಂಚಿನಲ್ಲಿರುವವರು ಮೊದಲಿಗರು. ಒಂದು ಟೆಲಿಕಾಂ ಕಂಪನಿಯ ದೊಡ್ಡ ಕಚೇರಿಯಲ್ಲಿ ಕೂತು ಪಟ್ಟಿ ತಯಾರಿಸುವವರಿಗೆ ಕೇರಳದೊಳಗಿನ ಕನ್ನಡ ಸುದ್ದಿತಾಣ ನೆನಪಿಗೆ ಬರುವುದು ಯಾವಾಗ?

2015–16: ಭಾರತ ತೀರ್ಮಾನಿಸಿದ ಬಗೆ

2015ರ ಫೆಬ್ರವರಿಯಲ್ಲಿ ಫೇಸ್‌ಬುಕ್ ಸಂಸ್ಥೆ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಸೇರಿ ಇಂಟರ್ನೆಟ್ ಡಾಟ್ ಆರ್ಗ್ ಎಂಬ ಸೇವೆಯನ್ನು ಭಾರತಕ್ಕೆ ತಂದಿತು. ಅದೇ ವರ್ಷ ಅದರ ಹೆಸರು ಫ್ರೀ ಬೇಸಿಕ್ಸ್ ಎಂದಾಯಿತು. ಫೇಸ್‌ಬುಕ್ ಮತ್ತು ಆಯ್ದ ಕೆಲವು ತಾಣಗಳು ಡೇಟಾ ಇಲ್ಲದವರಿಗೂ ಉಚಿತ. ವಿಡಿಯೋ, ನೆಟ್ ಕರೆ ಅದರಲ್ಲಿ ಇರಲಿಲ್ಲ. ಪಟ್ಟಿಗೆ ಸೇರಬಯಸುವ ತಾಣ ಫೇಸ್‌ಬುಕ್ ಹಾಕಿದ ತಾಂತ್ರಿಕ ಷರತ್ತುಗಳಿಗೆ ಒಪ್ಪಬೇಕಿತ್ತು, ಡೇಟಾ ಫೇಸ್‌ಬುಕ್‌ನ ಸರ್ವರ್ ಮೂಲಕ ಹಾದುಹೋಗಬೇಕಿತ್ತು.

ಏಪ್ರಿಲಿನಲ್ಲಿ ಏರ್‌ಟೆಲ್ ‘ಏರ್‌ಟೆಲ್ ಜೀರೋ’ ತಂದಿತು. ಇಲ್ಲಿ ಡೇಟಾದ ಹಣವನ್ನು ಗ್ರಾಹಕನ ಬದಲು ಆಪ್‌ನ ಕಂಪನಿ ಕೊಡುತ್ತದೆ. ಮೊದಲು ಕೈಜೋಡಿಸಲು ಮುಂದಾಗಿದ್ದ ಫ್ಲಿಪ್‌ಕಾರ್ಟ್ ಜನರ ವಿರೋಧ ಕಂಡು ಹಿಂದೆ ಸರಿಯಿತು. ಅದೇ ಹೊತ್ತಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ನಿಯಂತ್ರಣದ ಇಂಥ ಒಣ ವಿಷಯಕ್ಕೆ ಜನಸಾಮಾನ್ಯರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಉತ್ತರ ಬರೆದದ್ದು ಅಪರೂಪ, ಮತ್ತು ಅದು ಫಲ ಕೊಟ್ಟಿತು.

2016ರ ಫೆಬ್ರವರಿ 8ರಂದು ಟ್ರಾಯ್ ನಿಯಮ ಹೊರಡಿಸಿತು: ವಿಷಯ ಯಾವುದೆಂಬುದರ ಆಧಾರದಲ್ಲಿ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ಮೀರಿದರೆ ದಿನಕ್ಕೆ 50,000 ರೂಪಾಯಿ, ಗರಿಷ್ಠ 50 ಲಕ್ಷದವರೆಗೆ ದಂಡ. ನೆರೆಯಂಥ ತುರ್ತಿನಲ್ಲಿ ಕೆಲವು ಸೇವೆಗಳ ದರ ಇಳಿಸಬಹುದು, ಆದರೆ ಕೆಲಸದ ಏಳು ದಿನಗಳೊಳಗೆ ಟ್ರಾಯ್‌ಗೆ ತಿಳಿಸಬೇಕು. ಮೂರೇ ದಿನಗಳಲ್ಲಿ ಫೇಸ್‌ಬುಕ್ ಭಾರತದಲ್ಲಿ ಫ್ರೀ ಬೇಸಿಕ್ಸ್ ನಿಲ್ಲಿಸಿತು.

ಬಡವರಿಗೆ ಸಿಗುತ್ತಿದ್ದ ಉಚಿತ ನೆಟ್ಟನ್ನೂ ಕಸಿದಂತಾಯಿತಲ್ಲ ಎಂಬ ವಾದ ಆಗ ಜೋರಾಗಿತ್ತು. ಮುಂದೆ ಆದದ್ದು ಆ ವಾದಕ್ಕೆ ತಾನಾಗಿಯೇ ಉತ್ತರವಾಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ದರದ ಪೈಪೋಟಿ ಶುರುವಾಯಿತು, 2014ರಲ್ಲಿ ಒಂದು ಜಿಬಿಗೆ ಸರಾಸರಿ 250 ರೂಪಾಯಿಗಿಂತ ಹೆಚ್ಚಿದ್ದ ಬೆಲೆ ಸುಮಾರು 10 ರೂಪಾಯಿಯ ಆಸುಪಾಸಿಗೆ ಇಳಿಯಿತು. ಆಯ್ದ ನಾಲ್ಕು ತಾಣದ ಬದಲು ಇಡೀ ನೆಟ್ ಕೈಗೆಟುಕಿತು.

ಈಗಿನ ನಿಯಮದಲ್ಲಿ ಏನಿದೆ, ಏನಿಲ್ಲ

2016ರ ನಿಯಮ ದರದ ಬಗ್ಗೆ ಮಾತ್ರ. ವೇಗ ಮತ್ತು ತಡೆಯ ಬಗ್ಗೆ ಟ್ರಾಯ್ 2017ರ ನವೆಂಬರಿನಲ್ಲಿ ಶಿಫಾರಸು ಮಾಡಿತು, ಸರ್ಕಾರ 2018ರಲ್ಲಿ ಒಪ್ಪಿ ಕಂಪನಿಗಳ ಪರವಾನಗಿಯ ಷರತ್ತಿನಲ್ಲೇ ಸೇರಿಸಿತು. ವಿಷಯವನ್ನು ತಡೆಯುವುದು, ಕೆಡಿಸುವುದು, ನಿಧಾನಿಸುವುದು, ಆಯ್ದವರಿಗೆ ಹೆಚ್ಚಿನ ವೇಗ ಕೊಡುವುದು ನಿಷಿದ್ಧ.

ವಿನಾಯಿತಿಗಳೂ ಇವೆ. ದಟ್ಟಣೆ ನಿಭಾಯಿಸಲು ತಾತ್ಕಾಲಿಕವಾಗಿ, ಅಗತ್ಯದಷ್ಟೇ, ಮುಚ್ಚಿಡದೆ ಮಾಡುವ ಕ್ರಮಕ್ಕೆ ಅವಕಾಶವಿದೆ. ಹೊಳೆಗೆ ಕಟ್ಟ ಹಾಕಿ ನೀರು ಹಂಚಿಕೊಳ್ಳುವ ನಮ್ಮ ಊರುಗಳಲ್ಲಿ ಇದನ್ನು ಅರ್ಥಮಾಡಿಕೊಳ್ಳುವುದು ಸುಲಭ. ಬೇಸಿಗೆಯಲ್ಲಿ ನೀರು ಇಳಿದಾಗ ಎಲ್ಲರ ಸರದಿಯ ಹೊತ್ತನ್ನೂ ಕಡಿಮೆ ಮಾಡುವುದು ನಿರ್ವಹಣೆ. ಒಬ್ಬನ ತೋಟಕ್ಕೆ ಮಾತ್ರ ಹಗಲಿರುಳು ಬಿಟ್ಟು ಉಳಿದವರದ್ದನ್ನು ಕಡಿದರೆ ಭೇದ. ದೂರದಿಂದ ನಡೆಸುವ ಶಸ್ತ್ರಚಿಕಿತ್ಸೆಯಂಥ, ಒಂದು ಕ್ಷಣವೂ ತಡವಾಗಬಾರದ ‘ವಿಶೇಷ ಸೇವೆ’ಗಳು ನಿಯಮದ ಹೊರಗೆ. ಆದರೆ ಅವು ಸಾಮಾನ್ಯ ನೆಟ್‌ಗೆ ಬದಲಿಯಾಗಬಾರದು, ಸಾಮಾನ್ಯ ನೆಟ್‌ನ ಗುಣಮಟ್ಟವನ್ನು ಕೆಡಿಸಬಾರದು. ನ್ಯಾಯಾಲಯ ಅಥವಾ ಸರ್ಕಾರ ಕಾನೂನಿನಂತೆ ಮುಚ್ಚಿಸಿದ ತಾಣಗಳೂ ಈ ನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಅದರ ತಕರಾರು ಬೇರೆ, ದಾರಿ ಬೇರೆ.

ಒಂದು ದೊಡ್ಡ ಹೊರತು ಇದೆ, ಅದನ್ನು ತಿಳಿಯದೆ ಚಿತ್ರ ಪೂರ್ತಿಯಾಗುವುದಿಲ್ಲ. ದೊಡ್ಡ ವಿಡಿಯೋ ಕಂಪನಿಗಳು ಜನಪ್ರಿಯ ವಿಡಿಯೋಗಳ ಪ್ರತಿಯನ್ನು ಮೊದಲೇ ತಂದು, ಟೆಲಿಕಾಂ ಕಂಪನಿಗಳ ಕೇಂದ್ರಗಳಲ್ಲೇ ಸರ್ವರ್ ಇಟ್ಟು ತುಂಬಿಸಿರುತ್ತವೆ. ಇದಕ್ಕೆ ಸಿಡಿಎನ್ ಎನ್ನುತ್ತಾರೆ. ಊರಿನ ಅಂಗಡಿಯಲ್ಲೇ ಸಾಮಾನು ದಾಸ್ತಾನಿದ್ದರೆ ಪೇಟೆಗೆ ಲಾರಿ ಓಡಿಸಬೇಕಾಗಿಲ್ಲ, ಹಾಗೆ. ಸಿಡಿಎನ್‌ಗೆ ತಟಸ್ಥತೆಯ ನಿಯಮ ಅನ್ವಯಿಸುವುದಿಲ್ಲ. ಪರಿಣಾಮ ಏನೆಂದರೆ, ಯಾರೂ ಯಾರನ್ನೂ ನಿಧಾನಿಸದಿದ್ದರೂ ದೊಡ್ಡವರ ವಿಡಿಯೋ ಬೇಗ ತೆರೆಯುತ್ತದೆ, ಸ್ವಂತ ಸರ್ವರ್‌ನಿಂದ ನಡೆಯುವ ಸಣ್ಣ ತಾಣ ತಡವರಿಸುತ್ತದೆ. ಊರಿನ ಯಕ್ಷಗಾನ ಚಾನೆಲ್‌ಗಳು ಯೂಟ್ಯೂಬ್ ಹಿಡಿದದ್ದು ಉಚಿತವೆಂಬ ಕಾರಣಕ್ಕೆ ಮಾತ್ರವಲ್ಲ. ಆ ದಾಸ್ತಾನು ವ್ಯವಸ್ಥೆ ಅವರಿಗೂ ಸಿಗುತ್ತದೆ. ಸಮಾನತೆಗೆ ಕಾನೂನು ಬರೆದ ಮೇಲೂ ಹಣಬಲದ ಅನುಕೂಲ ಉಳಿಯುತ್ತದೆ ಎಂಬುದಕ್ಕೆ ಇದು ಸ್ಪಷ್ಟ ಉದಾಹರಣೆ.

ಭೇದವೆಂದು ತಪ್ಪಾಗಿ ತಿಳಿಯುವ ಸಂಗತಿಗಳು

ದಿನದ ಡೇಟಾ ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ವಿಡಿಯೋಗೆ ಬೇಕಾದದ್ದರ ಸುಮಾರು ಹದಿನಾರನೇ ಒಂದು ಪಾಲು ಮಾತ್ರ. ಇದು ಕಿರಿಕಿರಿ ಹೌದು, ತಟಸ್ಥತೆಯ ಉಲ್ಲಂಘನೆ ಅಲ್ಲ. ಎಲ್ಲ ತಾಣಗಳೂ ಸಮಾನವಾಗಿ ನಿಲ್ಲುತ್ತವೆ. ರೀಚಾರ್ಜ್ ಜೊತೆ ಯಾವುದೋ ಸಿನಿಮಾ ಆಪ್‌ನ ಚಂದಾ ಉಚಿತ ಎಂದರೂ ಉಲ್ಲಂಘನೆಯಲ್ಲ, ಅದನ್ನು ನೋಡುವಾಗ ಡೇಟಾ ಎಲ್ಲದರಂತೆ ಖರ್ಚಾಗುವವರೆಗೆ.

ರೇಂಜ್ ಇಲ್ಲದಿರುವುದು ಬೇರೆಯೇ ಸಮಸ್ಯೆ. ಎಣ್ಮಕಜೆ, ದೇಲಂಪಾಡಿಯ ಗುಡ್ಡದ ಮರೆಯ ಮನೆಗಳಲ್ಲಿ ಟವರಿನ ಅಲೆ ನೇರ ತಲುಪುವುದಿಲ್ಲ. ದಟ್ಟ ತೋಟವೂ ಅಲೆಯನ್ನು ಹೀರುತ್ತದೆ, ಮಳೆಗಾಲದಲ್ಲಿ ಒದ್ದೆ ಎಲೆ ಇನ್ನಷ್ಟು ಹೀರುತ್ತದೆ. ಗಡಿಯಲ್ಲಿ ಇನ್ನೊಂದು ತೊಡಕು. ಟೆಲಿಕಾಂ ಪರವಾನಗಿಯ ಲೆಕ್ಕದಲ್ಲಿ ಕೇರಳ, ಕರ್ನಾಟಕ ಬೇರೆ ಬೇರೆ ವಲಯಗಳು. ವರ್ಕಾಡಿ, ಮೀಂಜ, ಮಂಜೇಶ್ವರದ ಅಂಚಿನಲ್ಲಿ ಕೇರಳದ ಸಿಮ್ ಆಚೆಯ ಟವರನ್ನು ಹಿಡಿಯುತ್ತದೆ, ಮತ್ತೆ ಈಚೆಗೆ ಬರುತ್ತದೆ. ಈಗಿನ ಹೆಚ್ಚಿನ ಪ್ಲಾನ್‌ಗಳಲ್ಲಿ ರೋಮಿಂಗ್‌ಗೆ ಪ್ರತ್ಯೇಕ ಹಣವಿಲ್ಲ, ಆದರೆ ಹೀಗೆ ಟವರಿನಿಂದ ಟವರಿಗೆ ಹಾರುವ ನಡುವೆ ಸಂಪರ್ಕ ಕಡಿಯುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು, ತಾನಾಗಿ ಆರಿಸುವುದನ್ನು ಆಫ್ ಮಾಡಿ, ಪಟ್ಟಿಯಿಂದ ಒಂದನ್ನು ಆರಿಸಿದರೆ ಇದು ನಿಲ್ಲುತ್ತದೆ. ದೂರ ಪ್ರಯಾಣಕ್ಕೆ ಹೊರಡುವಾಗ ಮತ್ತೆ ಆನ್ ಮಾಡಲು ಮರೆಯಬೇಡಿ. ಮರೆತರೆ ಬೇರೆ ಊರಲ್ಲಿ ಫೋನ್ ಸುಮ್ಮನೆ ಸತ್ತಂತೆ ಕೂರುತ್ತದೆ.

2020ರ ಜುಲೈನಲ್ಲಿ ಬಂದ ಒಂದು ಪ್ರಕರಣ ನಿಜಕ್ಕೂ ಗಡಿರೇಖೆಯದ್ದು. ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಹೆಚ್ಚಿನ ಹಣದ ಪ್ಲಾನ್ ಹಾಕಿದವರಿಗೆ ಆದ್ಯತೆಯ ವೇಗ ಎಂದವು. ಉಳಿದವರ ವೇಗ ಇದರಿಂದ ಕುಸಿಯುವುದಿಲ್ಲವೇ ಎಂದು ಟ್ರಾಯ್ ಅದನ್ನು ತಡೆಹಿಡಿಯಿತು. ಇಲ್ಲಿ ಭೇದ ಇದ್ದದ್ದು ಗ್ರಾಹಕರ ನಡುವೆ, ತಾಣಗಳ ನಡುವೆ ಅಲ್ಲ. ಅಕ್ಷರಶಃ ನೋಡಿದರೆ ತಟಸ್ಥತೆಯ ಪ್ರಶ್ನೆಯಲ್ಲ, ಆದರೆ ಅದೇ ಟವರಿನ ಕೆಳಗೆ ವೇಗ ಕಳೆದುಕೊಳ್ಳುವವರಿಗೆ ಎರಡರ ಅನುಭವವೂ ಒಂದೇ.

ಹೊರಗಿನ ದೇಶಗಳಲ್ಲಿ

2010ರಲ್ಲಿ ಚಿಲಿ ಮೊದಲಾಗಿ ಕಾನೂನು ಮಾಡಿತು. ಯುರೋಪಿನ ಒಕ್ಕೂಟದ ನಿಯಮ 2015ರದ್ದು. ಅಮೆರಿಕ ಮಾತ್ರ ಹಿಂದೆ ಮುಂದೆ ಆಡುತ್ತಿದೆ: 2015ರಲ್ಲಿ ನಿಯಮ, 2017ರ ಕೊನೆಗೆ ರದ್ದು, 2024ರ ಏಪ್ರಿಲಿನಲ್ಲಿ ಮತ್ತೆ ಜಾರಿಗೆ ತೀರ್ಮಾನ, 2025ರ ಜನವರಿಯಲ್ಲಿ ನ್ಯಾಯಾಲಯದಿಂದ ಮತ್ತೆ ರದ್ದು. ನೆಟ್ ಎಂಬುದು ಫೋನಿನಂತೆ ಸಾಗಣೆಯ ಸೇವೆಯೋ ಅಥವಾ ಮಾಹಿತಿಯ ಸೇವೆಯೋ ಎಂಬುದೇ ಅಲ್ಲಿನ ಜಗಳದ ಮೂಲ. ನಿಯಮ ನೆಲೆ ಕಂಡದ್ದು ನಿಯಂತ್ರಣ ಸಂಸ್ಥೆಯ ಆದೇಶದಲ್ಲಿ. ಸರ್ಕಾರ ಬದಲಾದಂತೆ ಆದೇಶವೂ ಬದಲಾಯಿತು. ಕ್ಯಾಲಿಫೋರ್ನಿಯದಂಥ ರಾಜ್ಯಗಳಿಗೆ ತಮ್ಮದೇ ಕಾನೂನು ಇದೆ, ಅದು ಉಳಿದಿದೆ.

ಈಗಿನ ಜಗಳ: ಪಾಲು ಕೊಡಿ

ಟೆಲಿಕಾಂ ಕಂಪನಿಗಳ ವಾದ ಹೀಗಿದೆ. ಟವರು, ಫೈಬರು, ತರಂಗಾಂತರಕ್ಕೆ ನಾವು ಸಾವಿರಾರು ಕೋಟಿ ಸುರಿಯುತ್ತೇವೆ. ಅದರ ಮೇಲೆ ಓಡುವ ಡೇಟಾದ ಬಹುಪಾಲು ಬೆರಳೆಣಿಕೆಯ ದೊಡ್ಡ ಆಪ್‌ಗಳದ್ದು. ಲಾಭ ಮಾಡುವ ಅವರೂ ಖರ್ಚಿನ ಪಾಲು ಕೊಡಲಿ. ಆ ಹಣದಿಂದ ಹಳ್ಳಿಗಳಿಗೆ ಇನ್ನಷ್ಟು ಟವರ್ ಹಾಕಬಹುದು.

ಇನ್ನೊಂದು ಬದಿಯ ಉತ್ತರವೂ ಗಟ್ಟಿಯಾಗಿದೆ. ಆ ಡೇಟಾವನ್ನು ಕೇಳಿ ತರಿಸಿಕೊಳ್ಳುವವನು ಗ್ರಾಹಕ, ಅವನು ರೀಚಾರ್ಜ್‌ನಲ್ಲಿ ಆಗಲೇ ಹಣ ಕೊಟ್ಟಿದ್ದಾನೆ. ಆಪ್ ಕಂಪನಿಗಳೂ ತಮ್ಮ ಬದಿಯ ಸಂಪರ್ಕಕ್ಕೆ, ದಾಸ್ತಾನು ಸರ್ವರ್‌ಗಳಿಗೆ ಖರ್ಚು ಮಾಡುತ್ತವೆ. ಒಂದೇ ಸಾಗಣೆಗೆ ಎರಡೂ ಕಡೆಯಿಂದ ಬಾಡಿಗೆ ಏಕೆ? ದಕ್ಷಿಣ ಕೊರಿಯದಲ್ಲಿ ಇಂಥ ಶುಲ್ಕದ ಪದ್ಧತಿ ಇದೆ. ಆಟಗಳ ನೇರಪ್ರಸಾರ ಮಾಡುವ ಟ್ವಿಚ್, ನೆಟ್‌ವರ್ಕ್ ಶುಲ್ಕ ತೀರಾ ದುಬಾರಿ ಎಂದು ಹೇಳಿ 2024ರ ಫೆಬ್ರವರಿಯಲ್ಲಿ ಆ ದೇಶದಿಂದ ಹೊರಬಂತು. ಅಲ್ಲಿನ ಪ್ರಸಾರಕರು ಬೇರೆ ವೇದಿಕೆ ಹುಡುಕಬೇಕಾಯಿತು.

ಶುಲ್ಕ ‘ದೊಡ್ಡವರಿಗೆ ಮಾತ್ರ’ ಎಂದು ಆರಂಭವಾದರೂ, ಕೊಟ್ಟವರನ್ನೂ ಕೊಡದವರನ್ನೂ ಒಂದೇ ರೀತಿ ನೋಡಿಕೊಳ್ಳುವರೇ ಎಂಬ ಪ್ರಶ್ನೆ ಉಳಿಯುತ್ತದೆ. ಹಣ ಕೊಡದವರಿಗೆ ಏನೂ ಆಗದಿದ್ದರೆ ಯಾರೂ ಕೊಡುವುದಿಲ್ಲ. ಏನಾದರೂ ಆಗಬೇಕಾದರೆ ಅದು ಭೇದವೇ.

5ಜಿಯ ಸ್ಲೈಸಿಂಗ್ ಇದಕ್ಕೆ ಹೆಣೆದುಕೊಂಡಿದೆ. ಒಂದೇ ಜಾಲವನ್ನು ಹೋಳು ಮಾಡಿ, ಪ್ರತಿ ಹೋಳಿಗೂ ಬೇರೆ ವೇಗದ ಭರವಸೆ ಕೊಡುವ ತಂತ್ರ ಇದು. ಜಾತ್ರೆಯ ಗದ್ದೆಯಿಂದ ಆಟವನ್ನು ನೇರಪ್ರಸಾರ ಮಾಡುವವರಿಗೆ ಇದರ ಆಸೆ ಸಹಜ. ಸ್ಪಷ್ಟ ಚಿತ್ರಕ್ಕೆ ಮೇಲಕ್ಕೆ ಕಳುಹಿಸುವ ವೇಗ, ಅಪ್‌ಲೋಡ್, ಎಡೆಬಿಡದೆ 3ರಿಂದ 4 ಎಂಬಿಪಿಎಸ್ ಬೇಕು. ಸಾವಿರ ಮಂದಿ ಸೇರಿದ ಗದ್ದೆಯಲ್ಲಿ ಎಲ್ಲರ ಫೋನೂ ಅದೇ ಟವರಿಗೆ ತಾಗಿರುವಾಗ ಅದು ಸಿಗುವುದಿಲ್ಲ. ಕ್ಯಾಮೆರಾಕ್ಕೆ ಒಂದು ಹೋಳು ಕಾದಿರಿಸಿದರೆ ಕೆಲಸ ಸುಸೂತ್ರ. ಆದರೆ ಅದು ‘ವಿಶೇಷ ಸೇವೆ’ಯೋ, ಹಣ ಕೊಟ್ಟವರಿಗೆ ಮುಂದಿನ ಸಾಲೋ? ಪ್ರೇಕ್ಷಕರಲ್ಲಿ ಒಬ್ಬರು ಆ ಹೊತ್ತಿಗೆ ಆಂಬುಲೆನ್ಸ್ ಕರೆಯಬೇಕಾದರೆ ಅವರ ಪಾಲಿಗೆ ಎಷ್ಟು ಉಳಿದಿರುತ್ತದೆ? ಉತ್ತರ ಹೋಳಿನ ಗಾತ್ರದಲ್ಲಿದೆ, ಅದನ್ನು ಅಳೆದು ನೋಡುವ ವ್ಯವಸ್ಥೆಯಲ್ಲಿದೆ. ಸದ್ಯಕ್ಕೆ ದೇವಸ್ಥಾನದ ಕಚೇರಿಯದೋ ಶಾಲೆಯದೋ ಫೈಬರ್ ಸಂಪರ್ಕದಿಂದ ಗದ್ದೆಗೆ ಕೇಬಲ್ ಎಳೆಯುವುದೇ ನಂಬಿಕೆಯ ದಾರಿ.

ತಲುಪದ ನೆಟ್‌ಗೆ ತಟಸ್ಥತೆ ಇದ್ದೇನು?

ಸಮಾನತೆಯ ಇನ್ನೊಂದು ಅರ್ಧ ಇದು. 2020ರಲ್ಲಿ ಶಾಲೆ ಮುಚ್ಚಿ, ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್ ಟಿವಿ ಮತ್ತು ಯೂಟ್ಯೂಬ್‌ನಲ್ಲಿ ಪಾಠ ಶುರುವಾದಾಗ ರೇಂಜ್ ಇದ್ದ ಗುಡ್ಡದ ತಲೆ ತರಗತಿಯಾಯಿತು. ಅದಕ್ಕೆ ಮೊದಲೇ, 2019ರ ಸೆಪ್ಟೆಂಬರಿನಲ್ಲಿ, ಹಾಸ್ಟೆಲಿನಲ್ಲಿ ಸಂಜೆ ಫೋನ್ ಬಳಸುವುದನ್ನು ನಿಷೇಧಿಸಿದ ಪ್ರಕರಣದಲ್ಲಿ ಕೇರಳ ಹೈಕೋರ್ಟ್, ಇಂಟರ್ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿತ್ತು.

ಕೇರಳ ಸರ್ಕಾರದ ಕೆ-ಫೋನ್ ಈ ಕೊರತೆ ತುಂಬಲು ಹೊರಟ ಯೋಜನೆ. ಕೆಎಸ್‌ಇಬಿಯ ಕಂಬಗಳ ಮೇಲೆಯೇ ಫೈಬರ್ ಎಳೆದದ್ದರಿಂದ ರಸ್ತೆ ಅಗೆಯುವ ಖರ್ಚು ಉಳಿಯಿತು. 2023ರ ಜೂನ್ 5ರಂದು ಉದ್ಘಾಟನೆಯಾಯಿತು. 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ನೆಟ್, 30,000 ಸರ್ಕಾರಿ ಕಚೇರಿಗಳಿಗೆ ಸಂಪರ್ಕ ಎಂಬುದು ಗುರಿ. ಮೊದಲ ಹಂತದಲ್ಲಿ 140 ವಿಧಾನಸಭಾ ಕ್ಷೇತ್ರಗಳಲ್ಲಿ ತಲಾ 100 ಮನೆಗಳಂತೆ 14,000 ಮನೆಗಳೆಂದು ನಿಗದಿಯಾಯಿತು. ನಮ್ಮ ಜಿಲ್ಲೆಯ ಐದು ಕ್ಷೇತ್ರಗಳಿಗೆ ಆ ಲೆಕ್ಕದಲ್ಲಿ 500. ಗುರಿಗೂ ಆರಂಭಕ್ಕೂ ಇರುವ ಅಂತರ ಈ ಎರಡು ಅಂಕಿಗಳಲ್ಲೇ ಇದೆ.

ಫ್ರೀ ಬೇಸಿಕ್ಸ್‌ಗೂ ಕೆ-ಫೋನ್‌ನ ಉಚಿತ ಸಂಪರ್ಕಕ್ಕೂ ವ್ಯತ್ಯಾಸವೇನು ಎಂದು ಕೇಳುವವರಿದ್ದಾರೆ. ಎರಡೂ ಉಚಿತವೇ ತಾನೆ? ಮೊದಲನೆಯದರಲ್ಲಿ ಯಾವ ತಾಣ ಎಂಬುದನ್ನು ಕೊಡುವವನು ಆರಿಸುತ್ತಿದ್ದ. ಎರಡನೆಯದರಲ್ಲಿ ಕೊಡುವುದು ಸಂಪರ್ಕವನ್ನು. ಅದರಲ್ಲಿ ಕನ್ನಡ ಪತ್ರಿಕೆ ಓದುವುದೋ ಅಡಿಕೆ ಧಾರಣೆ ನೋಡುವುದೋ ಮನೆಯವರಿಗೆ ಬಿಟ್ಟದ್ದು.

ಅನುಮಾನ ಬಂದರೆ ಪರೀಕ್ಷೆ, ಆಮೇಲೆ ದೂರು

ಒಂದೇ ತಾಣ ಅಥವಾ ಆಪ್ ನಿಧಾನವಾದಾಗ ಮಾತ್ರ ಅನುಮಾನಕ್ಕೆ ಅರ್ಥವಿದೆ. ಎಲ್ಲವೂ ನಿಧಾನವಾದರೆ ಅದು ರೇಂಜ್, ದಟ್ಟಣೆ ಅಥವಾ ಮುಗಿದ ಡೇಟಾ.

ಮನೆಯಲ್ಲಿ ಫೈಬರ್ ಇದ್ದರೆ ಮೊದಲು ವೈಫೈಯ ದೋಷವನ್ನು ಪಕ್ಕಕ್ಕಿಡಿ: ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ, ಆಗದಿದ್ದರೆ ಫೋನ್ ಹಿಡಿದು ರೂಟರ್‌ನ ಪಕ್ಕದಲ್ಲೇ ನಿಂತು ನೋಡಿ. ನಂತರ ಟ್ರಾಯ್‌ನ ಮೈಸ್ಪೀಡ್ ಆಪ್‌ನಲ್ಲಿ ಒಮ್ಮೆ, ಫಾಸ್ಟ್ ಡಾಟ್ ಕಾಮ್‌ನಲ್ಲಿ ಒಮ್ಮೆ ವೇಗ ಅಳೆಯಿರಿ. ಎರಡನೆಯದು ನೆಟ್‌ಫ್ಲಿಕ್ಸ್‌ನ ಸರ್ವರ್‌ಗಳಿಂದಲೇ ಡೇಟಾ ತರಿಸಿ ಅಳೆಯುತ್ತದೆ, ಆದ್ದರಿಂದ ವಿಡಿಯೋ ಬರುವ ದಾರಿ ಹೇಗಿದೆ ಎಂಬುದಕ್ಕೆ ಒಳ್ಳೆಯ ಸೂಚನೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತರ ಹೊತ್ತಿಗೆ, ಹೀಗೆ ಮೂರು ಬಾರಿ, ಕನಿಷ್ಠ ಮೂರು ದಿನ. ರಾತ್ರಿ ಮಾತ್ರ ಕುಸಿದರೆ ಅದು ದಟ್ಟಣೆ.

ಮುಂದಿನ ಹೆಜ್ಜೆ ವಿಪಿಎನ್, ಅಂದರೆ ನಿಮ್ಮ ಡೇಟಾವನ್ನು ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಸುತ್ತಿಸಿ ಕಳುಹಿಸುವ ಆಪ್. ಅದು ಹಾಕಿದಾಗ ನೀವು ಯಾವ ತಾಣಕ್ಕೆ ಹೋಗುತ್ತಿದ್ದೀರಿ ಎಂಬುದು ಕಂಪನಿಗೆ ಕಾಣುವುದಿಲ್ಲ. ಸುತ್ತುದಾರಿಯಾದ್ದರಿಂದ ವಿಪಿಎನ್‌ನಲ್ಲಿ ವೇಗ ಸ್ವಲ್ಪ ಕಡಿಮೆಯಾಗಬೇಕು. ಬದಲಿಗೆ ಆ ಒಂದು ತಾಣ ಮತ್ತೆ ಮತ್ತೆ ವೇಗವಾದರೆ ಎರಡು ಸಾಧ್ಯತೆ: ಕಂಪನಿ ಅದನ್ನು ನಿಧಾನಿಸುತ್ತಿದೆ, ಅಥವಾ ಆ ತಾಣಕ್ಕೆ ಹೋಗುವ ಅದರ ಮಾಮೂಲು ದಾರಿ ಕೆಟ್ಟದಾಗಿದೆ. ಇವನ್ನು ಬೇರ್ಪಡಿಸಲು ವೆಹೆ ಎಂಬ ಆಪ್ ಇದೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ್ದು. ಅದು ಯೂಟ್ಯೂಬ್‌ನಂಥ ಆಪ್‌ನ ಡೇಟಾವನ್ನು ಒಮ್ಮೆ ಇದ್ದ ಹಾಗೆ, ಇನ್ನೊಮ್ಮೆ ಗುರುತು ಸಿಗದಂತೆ ಕಲಸಿ, ಒಂದೇ ಸರ್ವರ್‌ನಿಂದ ಕಳುಹಿಸಿ ಹೋಲಿಸುತ್ತದೆ. ದಾರಿ ಒಂದೇ ಆದ್ದರಿಂದ ವ್ಯತ್ಯಾಸ ಬಂದರೆ ಅದು ಗುರುತು ಹಿಡಿದು ಮಾಡಿದ್ದು. ಈ ಪರೀಕ್ಷೆಗಳು ಡೇಟಾ ತಿನ್ನುತ್ತವೆ. ಮೊಬೈಲಿನಲ್ಲಾದರೆ ದಿನದ ಪಾಲು ಸಾಕಷ್ಟು ಉಳಿದಿರುವಾಗ ಮಾಡಿ, ಇಲ್ಲದಿದ್ದರೆ ನಡುವಿನಲ್ಲೇ 64ಕ್ಕೆ ಇಳಿದು ಫಲಿತಾಂಶ ಕೆಡುತ್ತದೆ.

ದೂರು ಕೊಡುವುದು ನೇರ ಟ್ರಾಯ್‌ಗೆ ಅಲ್ಲ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ. ಮೊದಲು ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ, ಡಾಕೆಟ್ ನಂಬರ್, ಅಂದರೆ ದೂರಿನ ಕ್ರಮಸಂಖ್ಯೆ, ಕೇಳಿ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಪರಿಹಾರ ಸಿಗದಿದ್ದರೆ ಅಥವಾ ಸಿಕ್ಕಿದ್ದು ಸರಿಯಿಲ್ಲದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನಿಸಬೇಕು. ಅಲ್ಲಿಯೂ ಆಗದಿದ್ದರೆ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆಯನ್ನು ಆರಿಸಿ ದೂರು ಹಾಕಿ. ಸ್ವಂತವಾಗಿ ಆಗದವರು ಆನ್‌ಲೈನ್ ಸೇವೆ ಒದಗಿಸುವ ಅಕ್ಷಯ ಕೇಂದ್ರದ ಸಹಾಯ ಕೇಳಬಹುದು.

‘ನೆಟ್ ಸ್ಲೋ’ ಎಂದು ಬರೆದ ದೂರಿಗೆ ‘ಟವರ್ ದಟ್ಟಣೆ’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ತಾಣದ ಹೆಸರು, ದಿನಾಂಕ, ಹೊತ್ತು, ಅದೇ ಹೊತ್ತಿಗೆ ಬೇರೆ ತಾಣದ ವೇಗ, ವಿಪಿಎನ್ ಇಲ್ಲದೆ ಎಷ್ಟು, ಇದ್ದಾಗ ಎಷ್ಟು ಎಂಬುದನ್ನು ಬರೆದು, ಸ್ಕ್ರೀನ್‌ಶಾಟ್ ಜೊತೆಗಿಡಿ. ರೇಂಜ್‌ನದ್ದೇ ದೂರಾದರೆ ಕಂಪನಿಯ ತಾಣದಲ್ಲಿರುವ ಕವರೇಜ್ ನಕ್ಷೆ ತೆರೆಯಿರಿ. 2024ರ ಅಕ್ಟೋಬರಿನಿಂದ ಜಾರಿಗೆ ಬಂದ ಗುಣಮಟ್ಟದ ನಿಯಮದಂತೆ ಕಂಪನಿಗಳು ಈ ನಕ್ಷೆ ಪ್ರಕಟಿಸಬೇಕು. ನಿಮ್ಮ ಮನೆ ಇರುವ ಜಾಗದಲ್ಲಿ ನಕ್ಷೆ 4ಜಿ ಎಂದು ಬಣ್ಣ ಬಳಿದಿದ್ದು ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲದಿದ್ದರೆ ಎರಡರ ಚಿತ್ರವನ್ನೂ ದೂರಿಗೆ ಲಗತ್ತಿಸಿ.